ಫ್ಯಾನ್ ಒಲಿ ಹತ್ತ ನಿಮಿಷಕ್ಕ ಆರ್ತದ, ಖೋಲಿ ತುಂಬ ಹೊಗಿ. ಮಾರಿಬಿಡ್ಲೇನು?

ಮಾಳಮಡ್ಡಿ_ಹಂಚಿನಮನಿ: ಸಾಕಾಗಿ ಹೋಗೇದ್ರಿ. ಧಾರವಾಡದ ಥಂಡಿ ಗೊತ್ತೇ ಅದ, ಅವ್ವಗ ಮೊಣಕಾಲ ನೋವು. ಕರೆಂಟ್ ಹೀಟರ್ ಎರಡು ಕಿಲೋವ್ಯಾಟಿಂದು, ತಾಸಿಗೆ 2 ಯುನಿಟ್ ನುಂಗ್ತದ. ಅದಕ್ಕ ಫ್ಯಾನ್ ಇರೋ ಪೆಲೆಟ್ (ಕಟಗಿಪುಡಿ ಒತ್ತಿ ಮಾಡಿದ ಗುಳಿಗಿ) ಒಲಿ ತಂದೆ. ಅಂಗಡಿಯಂವ "ಹೊಗಿ ಅನ್ನೂದ ಇಲ್ಲ" ಅಂದಿದ್ದ. ಹತ್ತ ನಿಮಿಷಕ್ಕ ಉರಿ ಮಾಯ, ಹಳದಿ ಹೊಗಿ ಶುರು. ಮಾರಿ ಬ್ಯಾರೆ ಯಾವ್ದು ತಗೊಳ್ಳಿ? ಸೋವಿದು ಹೇಳ್ರಿ.

ವಿದ್ಯಾನಗರ_ಹುಬ್ಬಳ್ಳಿ: ಅಡಾಪ್ಟರ್. ಕಣ್ಣು ಮುಚ್ಚಿ ಹೇಳ್ತೀನಿ. 12 ವೋಲ್ಟ್ ಫ್ಯಾನಿಗೆ 9 ವೋಲ್ಟಿಂದು ಕೊಟ್ಟಿರ್ತಾರ. ಮಲ್ಟಿಮೀಟರ್ ಹಿಡೀರಿ.

ಮಾಳಮಡ್ಡಿ_ಹಂಚಿನಮನಿ: 12.1 ಬಂತು.

ವಿದ್ಯಾನಗರ_ಹುಬ್ಬಳ್ಳಿ: ಫ್ಯಾನ್ ತಿರುಗುವಾಗ ನೋಡ್ರಿ.

ಮಾಳಮಡ್ಡಿ_ಹಂಚಿನಮನಿ: 11.8.

ವಿದ್ಯಾನಗರ_ಹುಬ್ಬಳ್ಳಿ: ಹಂಗಾದ್ರ ಬೇರಿಂಗ್ ಹೋಗೇದ.

ರಾಣೆಬೆನ್ನೂರು_ಹೊಲ: ಫ್ಯಾನ್ ಬಿಡ್ರಿ ಮಾರಾಯ್ರ. ಸುಡಾಕತ್ತಿದ್ದು ಏನು?

ಮಾಳಮಡ್ಡಿ_ಹಂಚಿನಮನಿ: ಗೋವಿನಜೋಳದ ಬೆಂಡು. ಪೆಲೆಟ್ ಮುಗದು ವಾರ ಆತು. ಹೇಳಿದ್ನಲ್ಲ?

ರಾಣೆಬೆನ್ನೂರು_ಹೊಲ: ಎಲ್ಲಿ ಹೇಳೀರಿ! ಇಡೀ ಬೆಂಡು ಹಾಕಿದ್ರ ಸಂದಿನಾಗ ಗಾಳಿ ಎಲ್ಲೆಲ್ಲೋ ಹೊಕ್ಕೈತಿ. ಎರಡೆರಡು ಇಂಚು ತುಂಡು ಮಾಡಿ ನಾಕು ದಿನ ಬಿಸಲಿಗೆ ಹಾಕ್ರಿ, ಮುರದ್ರ ಟಕ್ ಅನಬೇಕು. ಮೆತ್ತಗ ಬಗ್ಗಿದ್ರ ಒಳಗ ನೀರೈತಿ. ಮೆಣಸಿನಕಾಯಿ ತೊಟ್ಟು ಮಾತ್ರ ಹಾಕಬ್ಯಾಡ್ರಿ. ಬ್ಯಾಡಗಿಯೊಳಗ ನಮ್ಮ ಮಾವ ಒಮ್ಮೆ ನೀರು ಕಾಸೋ ಬಂಬಾಕ್ಕ ಹಾಕಿದ್ದ, ಇಡೀ ಓಣಿ ಕೆಮ್ಮಕೊಂತ ಹೊರಗ ಬಂದಿತ್ತು.

ಗದಗ_ಗಾಳಿ: ಇಷ್ಟೆಲ್ಲ ಯಾಕ್ರಿ? ನಮ್ಮದು ಅಜ್ಜನ ಕಾಲದ ತಾಮ್ರದ ಬಂಬಾ, ಮಾಳಗಿ ಮ್ಯಾಲ 200 ಲೀಟರಿನ ಸೋಲಾರ್, ಹಿತ್ತಲದಾಗ ಎದಿಮಟ ಹತ್ತಿಕಟಗಿ ಒಟ್ಟೇವಿ. ಫೋಟೋ ನಾಳೆ ಹಾಕ್ತೀನಿ.

ವಿದ್ಯಾನಗರ_ಹುಬ್ಬಳ್ಳಿ: ಮಾಡ ಮುಸುಕಿದ ದಿನ ಸೋಲಾರ್ ಏನ್ಮಾಡ್ತದ?

ಗದಗ_ಗಾಳಿ: ಅದಕ್ಕಲ್ಲೇನ್ರಿ ಬಂಬಾ. ಓದಿ ಬರೀರಿ.

ಕಲಘಟಗಿ_ಬಚ್ಚಲ: ಜಗಳ ಆಮ್ಯಾಲ. ಬೆಂಕಿ ಎಲ್ಲಿಂದ ಹಚ್ತೀರಿ, ಎಷ್ಟು ತುಂಬ್ತೀರಿ?

ಮಾಳಮಡ್ಡಿ_ಹಂಚಿನಮನಿ: ಎಲ್ಲಾರ ಹಂಗ, ತಳದಾಗ ಎಣ್ಣಿ ಚಿಂದಿ ಇಟ್ಟು. ಕಂಠಮಟ ಗಚ್ಚಿ ತುಂಬ್ತೀನಿ.

ಕಲಘಟಗಿ_ಬಚ್ಚಲ: ಸಿಕ್ತು. ಇದು ಹಂಡೆ ಒಲಿ ಅಲ್ರಿ. ನೆತ್ತಿಗೆ ಹಚ್ಚಬೇಕು, ಬೆಂಕಿ ಮ್ಯಾಲಿಂದ ಕೆಳಗ ಇಳೀಬೇಕು. ತಳದ ಗಾಳಿ ಬೆಂಡನ್ನ ಹೊಗಿ ಮಾಡ್ತೈತಿ, ಮ್ಯಾಲಿನ ತೂತಿನ ಗಾಳಿ ಆ ಹೊಗೀನ ಸುಡ್ತೈತಿ. ನೀವು ಗಚ್ಚಿ ತುಂಬಿ ಆ ತೂತನ್ನ ಮುಚ್ಚೀರಿ. ತೂತಿಗಿಂತ ಎರಡು ಬೆರಳು ಕೆಳಗ ನಿಲ್ಲಸ್ರಿ.

ಇನ್ನೊಂದು. ಹೊಗಿ ಹೊರಗ ಹೋಗಾಕ ಕೊಳವಿ ಐತೇನು? ಇಲ್ಲಂದ್ರ ಅವ್ವನ ಖೋಲಿಯಿಂದ ಇವತ್ತ ಹೊರಗ ತಗೀರಿ. ಉರಿ ಹೋಗಿ ಕೆಂಡ ಆದಾಗ ಹೊಗಿ ಕಾಣೂದಿಲ್ಲ, ಆದ್ರ ಕಾರ್ಬನ್ ಮೊನಾಕ್ಸೈಡ್ ಆಗಲೇ ಜಾಸ್ತಿ. ವಾಸನಿ ಇಲ್ಲ, ಮಲಗಿದವರು ಏಳೂದಿಲ್ಲ. 1974ರಾಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯೊಳಗ ಶುರುವಾದ 'ಅಸ್ತ್ರ' ಅನ್ನೋ ಹಳ್ಳಿ ತಂತ್ರಜ್ಞಾನ ಕೇಂದ್ರದವರು ಮಾಡಿದ ಅಸ್ತ್ರ ಒಲಿಗೆ ಕೊಳವಿ ಸುಮ್ನ ಇಟ್ಟಿದ್ದಿಲ್ಲ.

ಮಾಳಮಡ್ಡಿ_ಹಂಚಿನಮನಿ: ಕೊಳವಿ ಇಲ್ಲ. ಕಿಟಕಿನೂ ಹಾಕ್ತಿದ್ವಿ, ಥಂಡಿ ಅಂತ.

ಕಲಘಟಗಿ_ಬಚ್ಚಲ: ದೇವರು ದೊಡ್ಡಾಂವ. ಅದನ್ನ ಬಚ್ಚಲಕ್ಕ ಒಯ್ದು ಬಾಗಲಾ ತಗದಿಟ್ಟು ನೀರು ಕಾಸ್ರಿ. 40 ಲೀಟರ್ ನೀರು 20ರಿಂದ 45 ಡಿಗ್ರಿಗೆ ಏರಾಕ 1,000 ಕಿಲೋಕ್ಯಾಲರಿ ಬೇಕು. ಕಿಲೋ ಒಣ ಬೆಂಡಿನಾಗ 3,500ರ ಮ್ಯಾಲ ಐತಿ. ಮುಕ್ಕಾಲು ಪಾಲು ಗಾಳಿಗೆ ಹೋದ್ರೂ ಕಿಲೋ ಚಿಲ್ಲರೆಗೆ ಒಂದು ಹಂಡೆ. ಅವ್ವಗ ರಬ್ಬರ್ ಚೀಲದಾಗ ಬಿಸಿನೀರು ತುಂಬಿ ಮೊಣಕಾಲಿಗೆ ಇಡ್ರಿ.

ಮಾಳಮಡ್ಡಿ_ಹಂಚಿನಮನಿ: ನೆತ್ತಿಗೆ ಹಚ್ಚಿದೆ. 35 ನಿಮಿಷ ನಿಂತು ಉರೀತು, ತಳದಾಗ ಬೊಗಸಿ ಇದ್ದಲಿ ಉಳೀತು. ಅವ್ವ ಚೀಲ ಇಟ್ಕೊಂಡು ಮಲಗ್ಯಾಳ. ಖೋಲಿ ಮಾತ್ರ ಇನ್ನೂ ಥಣ್ಣಗ. ಕೊಳವಿ ಇರೋ ಒಲಿ ಹುಬ್ಬಳ್ಳ್ಯಾಗ ಯಾರು ಮಾಡಿಕೊಡ್ತಾರ?

ಗದಗ_ಗಾಳಿ: ಬಂಬಾದ ಫೋಟೋ ಅಪ್‌ಲೋಡ್ ಆಗವಲ್ದು. ಸೈಜ್ ಜಾಸ್ತಿ ಅಂತದ.

ವಿದ್ಯಾನಗರ_ಹುಬ್ಬಳ್ಳಿ: ಏನೇ ಆಗ್ಲಿ, ಆ ಬೇರಿಂಗಿಗೆ ಎರಡು ಹನಿ ಎಣ್ಣಿ ಬಿಡ್ರಿ.