ಅಪ್‌ಡೇಟ್: ಮೇಲಿನ ಮನೆ ಕುರ್ದಿಶ್ ಫ್ಯಾಮಿಲಿಯ ಅಸೈಲಂ ಇಂಟರ್‌ವ್ಯೂ ಮುಗೀತು

ಹೋದ ವಾರ ಕೇಳಿದ್ನಲ್ಲ, ಇಲ್ಲಿ ಜರ್ಮನಿಯಲ್ಲಿ ನಮ್ಮ ಮೇಲಿನ ಮನೇಲಿರೋ ಕುರ್ದಿಶ್ ಫ್ಯಾಮಿಲಿ, ಸಿರಿಯಾದ ಹಸಾಕಾ ಕಡೆಯವರು, ಅವರ ಅಸೈಲಂ (ಈ ದೇಶದಲ್ಲಿ ಆಶ್ರಯ ಕೊಡಿ ಅಂತ ಕೇಳೋದು) ಇಂಟರ್‌ವ್ಯೂ ಹತ್ರ ಬಂತು, ಯಜಮಾನರ ಹತ್ರ ಪಾಸ್‌ಪೋರ್ಟೇ ಇಲ್ಲ ಏನ್ಮಾಡೋದು ಅಂತ. ಮೊನ್ನೆ ಆಯ್ತು.

ಕೆಲಸಕ್ಕೆ ಬಂದಿದ್ದು "ಬರೀ ಕುರ್ದಿಶ್ ಅನ್ಬೇಡಿ, ಕುರ್ಮಾಂಜಿ ಅಂತ ಬರೆದು ಮೊದಲೇ ಲೆಟರ್ ಕೊಡಿ" ಅಂದವರ ಸಲಹೆ. ಕುರ್ಮಾಂಜಿ ಅಂದ್ರೆ ಇವರು ಆಡೋ ಕುರ್ದಿಶ್. ಸೊರಾನಿ ಅನ್ನೋ ಇನ್ನೊಂದು ಕುರ್ದಿಶ್ ಆಡೋರು ಇಂಟರ್‌ಪ್ರಿಟರ್ ಆಗಿ ಬಂದಿದ್ರೆ ಅರ್ಧ ಅರ್ಥ ಆಗ್ತಿರ್ಲಿಲ್ಲ, ಎರಡೂ ಕುರ್ದಿಶೇ ಆದ್ರೂ ಅಷ್ಟು ಬೇರೆ. ಕೊನೇಲಿ ಬರ್ಕೊಂಡಿದ್ದನ್ನೆಲ್ಲ ವಾಪಸ್ ಓದಿಸ್ಕೊಳ್ಳಿ ಅಂದಿದ್ರಲ್ಲ, ಅದನ್ನಂತೂ ಬಿಡ್ಲೇಬೇಡಿ, ಊರು ಬಿಟ್ಟ ವರ್ಷವೇ ತಪ್ಪಾಗಿತ್ತು, ಅಲ್ಲೇ ತಿದ್ದಿಸಿದ್ರು.

ಸಿರಿಯಾ ಎಂಬೆಸಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿ ಅನ್ನೋ ಸಲಹೆ ಮಾತ್ರ ಆಗ್ಲಿಲ್ಲ. ಯಾಕೆ ಅಂತ ಗೊತ್ತಾದಾಗ ನಂಗೆ ಮಾತೇ ಹೊರಡ್ಲಿಲ್ಲ. 1962ರಲ್ಲಿ ಹಸಾಕಾದಲ್ಲಿ ಒಂದೇ ದಿನದ ಜನಗಣತಿ ಮಾಡಿ ಸುಮಾರು 1,20,000 ಕುರ್ದರ ಪೌರತ್ವ ಕಿತ್ಕೊಂಡಿದ್ರು, ಇವರ ತಾತನೂ ಅದ್ರಲ್ಲಿ ಒಬ್ರು, ಮಕ್ಕಳು ಮೊಮ್ಮಕ್ಕಳೂ ಹುಟ್ಟಿದಾಗಿಂದ ಯಾವ ದೇಶಕ್ಕೂ ಸೇರಿಲ್ಲ. 2011ರಲ್ಲಿ ಕೆಲವರಿಗೆ ಪೌರತ್ವ ಕೊಟ್ರು, ಆದ್ರೆ ರಿಜಿಸ್ಟರಲ್ಲೇ ಇಲ್ಲದ 'ಮಕ್ತೂಮ್'ಗಳನ್ನ ಬಿಟ್ಬಿಟ್ರು. ಯಜಮಾನರ ಹತ್ರ ಇರೋದು ಊರಿನ ಮುಖ್ತಾರ್ (ಊರ ಮುಖ್ಯಸ್ಥ) ಬರ್ಕೊಟ್ಟ ಒಂದು ಬಿಳಿ ಕಾಗದ ಅಷ್ಟೇ, ಮಡಚಿ ಮಡಚಿ ಮಡಿಕೆಗಳೆಲ್ಲ ಹರಿದು ಟೇಪ್ ಅಂಟಿಸಿರೋದು. ಅದನ್ನೇ ಕೊಟ್ರು, ಕಾಪಿ ಮಾಡ್ಕೊಂಡು ಫೈಲಿಗೆ ಹಾಕಿದ್ರು.

ಡಿಸಿಷನ್ ಇನ್ನೂ ಬಂದಿಲ್ಲ. ರಿಜೆಕ್ಟ್ ಆದ್ರೆ ಕೋರ್ಟಿಗೆ ಹೋಗೋಕೆ ಸಾಮಾನ್ಯವಾಗಿ 2 ವಾರ, ಕೆಲವು ಕೇಸಲ್ಲಿ 1 ವಾರವೇ ಟೈಮು, ಅದಕ್ಕೆ ದಿನಾ ಪೋಸ್ಟ್ ಬಾಕ್ಸ್ ನೋಡ್ತಿದೀವಿ.