ಕುಮಟಾದಲ್ಲಿ ಗೆದ್ದವರಿಗೂ ಅರ್ಧ ಮತ ಬಂದಿಲ್ಲ. ಮತದ ಪ್ರಮಾಣಕ್ಕೆ ತಕ್ಕ ಸೀಟು ಕೊಡುವ ಪದ್ಧತಿ ನಮಗೆ ಹೊಂದುತ್ತದಾ?

ಗಜನಿ ಗದ್ದೆ, ಕುಮಟಾ

2023ರ ವಿಧಾನಸಭಾ ಚುನಾವಣೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ನಮ್ಮ ಕುಮಟಾದಲ್ಲಿ ಬಿಜೆಪಿ ಗೆದ್ದಿದ್ದು 700ಕ್ಕಿಂತ ಕಡಿಮೆ ಮತದ ಅಂತರದಲ್ಲಿ. ಒಂದೇ ಬೂತ್‌ನಲ್ಲಿ ಬೀಳುವಷ್ಟು ಮತ ಅದು. ಎರಡನೇ ಸ್ಥಾನದ ಜೆಡಿಎಸ್‌ಗೂ, ಗೆದ್ದವರಿಗೂ 60 ಸಾವಿರದ ಆಸುಪಾಸು ಬಂತು. ಕಾಂಗ್ರೆಸ್ ಮೂರನೆಯದು. ಅಂದರೆ ಗೆದ್ದವರಿಗೆ ಮತ ಹಾಕದೇ ಇದ್ದವರೇ ಇಲ್ಲಿ ಅರ್ಧಕ್ಕಿಂತ ಜಾಸ್ತಿ.

ಯಾರು ಗೆದ್ದರು ಅನ್ನುವುದಕ್ಕೆ ನನ್ನ ತಕರಾರಿಲ್ಲ. ನಿಯಮದ ಪ್ರಕಾರವೇ ಗೆದ್ದಿದ್ದಾರೆ. ತಕರಾರು ನಿಯಮದ ಮೇಲೆ. ಜೆಡಿಎಸ್‌ಗೆ ಬಿದ್ದ ಅಷ್ಟೂ ಮತಕ್ಕೆ ವಿಧಾನಸಭೆಯಲ್ಲಿ ಒಂದು ದನಿಯೂ ಇಲ್ಲ, ಜಿಲ್ಲೆಯಲ್ಲಿ ಆ ಪಕ್ಷಕ್ಕೆ ಒಂದು ಸೀಟೂ ಬಂದಿಲ್ಲ. ಮರುವರ್ಷ ಲೋಕಸಭೆಗೆ ಬನ್ನಿ. ಜಿಲ್ಲೆಯ ಆರು ಶಾಸಕರಲ್ಲಿ ನಾಲ್ವರು ಕಾಂಗ್ರೆಸ್‌ನವರು, ಆದರೆ ಸಂಸದರ ಸೀಟು ಮೂರು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಬಿಜೆಪಿಗೆ. ಆಗ ಕಾಂಗ್ರೆಸ್‌ಗೆ ಹಾಕಿದವರ ಮತ ವ್ಯರ್ಥ. ಇವತ್ತು ಇವರದ್ದು, ನಾಳೆ ಅವರದ್ದು.

ಬೇರೆ ದೇಶಗಳಲ್ಲಿ ಮತದ ಪ್ರಮಾಣಕ್ಕೆ ತಕ್ಕ ಹಾಗೆ ಸೀಟು ಹಂಚುತ್ತಾರೆ ಅಂತ ಓದಿದೆ. ಅದು ಹೇಗೆ ನಡೆಯುತ್ತದೆ, ನಮ್ಮಂಥ ಜಿಲ್ಲೆಗೆ ಅದರಿಂದ ಲಾಭ ಇದೆಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಸೊಪ್ಪಿನ ಬೆಟ್ಟ, ಶಿರಸಿ

ಒಳ್ಳೆ ಪ್ರಶ್ನೆ. ಮೊದಲು ರಾಜ್ಯದ್ದೇ ಲೆಕ್ಕ ನೋಡಿ. 2018ರಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು ಮತ, ಬಿಜೆಪಿಗೆ ಶೇ 36ರಷ್ಟು. ಸೀಟು? ಆವತ್ತು ಮತದಾನ ನಡೆದ 222ರಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78. ಜಾಸ್ತಿ ಮತ ಬಂದವರಿಗೆ ಕಡಿಮೆ ಸೀಟು. 2014ರ ಲೋಕಸಭೆಯಲ್ಲಿ ಬಿಎಸ್‌ಪಿಗೆ ದೇಶದಲ್ಲಿ ಎರಡು ಕೋಟಿಗೂ ಮೀರಿ ಮತ ಬಂತು, ಸೀಟು ಸೊನ್ನೆ. ಅದೇ ಚುನಾವಣೆಯಲ್ಲಿ ಶೇ 31 ಮತಕ್ಕೆ ಬಿಜೆಪಿಗೆ 282 ಸೀಟು, ಪೂರ್ಣ ಬಹುಮತ. ಈ ಪದ್ಧತಿ ನಮಗೆ ಬಂದಿದ್ದು ಬ್ರಿಟನ್ನಿನಿಂದ, ಅಲ್ಲೂ ಕಥೆ ಇದೇ. 2024ರಲ್ಲಿ ಲೇಬರ್ ಪಕ್ಷ ಶೇ 34ರಷ್ಟು ಮತ ಪಡೆದು 650ರಲ್ಲಿ 400ಕ್ಕೂ ಹೆಚ್ಚು ಸೀಟು ಬಾಚಿಕೊಂಡಿತು.

ಇನ್ನು ಹಂಚುವ ಕ್ರಮ. ಜಿಲ್ಲೆಯ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಆರೂ ಸೇರಿಸಿ ಒಂದೇ ಕ್ಷೇತ್ರ ಮಾಡಿ ಆರು ಜನರನ್ನು ಆರಿಸುತ್ತೇವೆ ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕಾಗಿ ಹೇಳುವುದು, ನಿಜವಾದ ಅಂಕಿ ಅಲ್ಲ: ಒಂದು ಪಕ್ಷಕ್ಕೆ 100ಕ್ಕೆ 44, ಇನ್ನೊಂದಕ್ಕೆ 38, ಮೂರನೆಯದಕ್ಕೆ 14, ಉಳಿದ 4 ಪಕ್ಷೇತರರಿಗೆ ಹಂಚಿಹೋಗಿದೆ. ಈಗ ಪ್ರತಿ ಪಕ್ಷದ ಮತವನ್ನು 1, 3, 5ರಿಂದ ಭಾಗಿಸಿ. ಮೊದಲನೆಯದಕ್ಕೆ 44, 14.7, 8.8. ಎರಡನೆಯದಕ್ಕೆ 38, 12.7, 7.6. ಮೂರನೆಯದಕ್ಕೆ 14, 4.7, 2.8. ಇದರಲ್ಲಿ ದೊಡ್ಡ ಆರು ಸಂಖ್ಯೆ ಆರಿಸಿ: 44, 38, 14.7, 14, 12.7, 8.8. ಮೂರು ಸೀಟು ಮೊದಲನೆಯದಕ್ಕೆ, ಎರಡು ಎರಡನೆಯದಕ್ಕೆ, ಒಂದು ಮೂರನೆಯದಕ್ಕೆ. ಇಷ್ಟೇ. ಈಗಿನ ಪದ್ಧತಿಯಲ್ಲಾದರೆ ಆ 44ರ ಪಕ್ಷ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಮುಂದಿದ್ದರೆ ಸಾಕು, ಆರಕ್ಕೆ ಆರೂ ಅದರದ್ದೇ. ಉಳಿದ 56 ಜನ ಐದು ವರ್ಷ ಸುಮ್ನೆ ಕೂರಬೇಕು.

ನ್ಯೂಜಿಲೆಂಡ್, ಜರ್ಮನಿಯಲ್ಲಿ ಈ 1, 3, 5ರ ಲೆಕ್ಕದ ಮೇಲೇ ಸೀಟು ಹಂಚುತ್ತಾರೆ. ಹೈಸ್ಕೂಲ್ ಗಣಿತ ಸಾಕು.

ದೇವಬಾಗ ಗಾಳಿ, ಕಾರವಾರ

ಲೆಕ್ಕ ಚೆನ್ನಾಗಿದೆ ಮಾಸ್ತರ್ರೇ, ಆದರೆ ನಾನು ಒಪ್ಪುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದಾಗ ಜನ ಮೊದಲು ಫೋನ್ ಮಾಡಿದ್ದು ಯಾರಿಗೆ? ತಮ್ಮ ಶಾಸಕರಿಗೆ. ಗಂಗಾವಳಿ ಉಕ್ಕಿದಾಗ, ಬೋಟ್ ಸಮುದ್ರದಲ್ಲಿ ಸಿಕ್ಕಿಬಿದ್ದಾಗ, ಆಸ್ಪತ್ರೆಗೆ ಅಂತ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡುವಾಗ, ನಮಗೆ ಬೇಕಾಗುವುದು ಹೆಸರು ಗೊತ್ತಿರುವ, ಮನೆ ಗೊತ್ತಿರುವ ಒಬ್ಬ ಮನುಷ್ಯ. ಆರು ಕ್ಷೇತ್ರ ಒಟ್ಟು ಮಾಡಿದರೆ ಜೋಯಿಡಾದವನೂ ಭಟ್ಕಳದವನೂ ಒಂದೇ ಆರು ಜನರ ಹಿಂದೆ ಓಡಬೇಕು. ಅವರಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಕಡೆ ಕೈ ತೋರಿಸುತ್ತಾನೆ.

ಇನ್ನೊಂದು ವಿಷಯ. ಪಕ್ಷಕ್ಕೆ ಬಂದ ಸೀಟಿಗೆ ಯಾರು ಹೋಗಬೇಕು ಅನ್ನುವ ಹೆಸರಿನ ಪಟ್ಟಿ ಯಾರು ಮಾಡುತ್ತಾರೆ? ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತ ಪಕ್ಷದ ನಾಯಕರು. ಅವರ ಮರ್ಜಿ ಹಿಡಿದವನಿಗೆ ಮೊದಲ ನಂಬರು. ಇವತ್ತು ನಮಗೆ ಒಬ್ಬರು ಬೇಡ ಅನ್ನಿಸಿದರೆ ಸೋಲಿಸಿ ಮನೆಗೆ ಕಳಿಸಬಹುದು. ಪಟ್ಟಿಯ ತಲೆಯಲ್ಲಿ ಕೂತವನನ್ನು ಹೇಗೆ ಸೋಲಿಸುತ್ತೀರಿ? 2023ರಲ್ಲಿ ಕಾರವಾರದಲ್ಲಿ ಎರಡು ಸಾವಿರ ಚಿಲ್ಲರೆ ಮತದಲ್ಲಿ ಶಾಸಕರು ಬದಲಾದರು. ಆ ಶಕ್ತಿ ಮತದಾರನ ಕೈಯಲ್ಲೇ ಇರಬೇಕು ಅಂತ ನನ್ನ ಅಭಿಪ್ರಾಯ.

ಗಜನಿ ಗದ್ದೆ, ಕುಮಟಾ

ಇದು ನನಗೂ ಕಾಡಿದ ಪ್ರಶ್ನೆಯೇ. ಊರಿನ ಶಾಸಕ ಬೇಕು, ಮತಕ್ಕೆ ಬೆಲೆಯೂ ಬೇಕು. ಎರಡೂ ಸಿಗುವುದಿಲ್ಲವಾ?

ಸೊಪ್ಪಿನ ಬೆಟ್ಟ, ಶಿರಸಿ

ಸಿಗುತ್ತದೆ. ನ್ಯೂಜಿಲೆಂಡ್ ಮಾಡಿದ್ದು ಅದನ್ನೇ. ಅಲ್ಲಿಯೂ ಮೊದಲು ನಮ್ಮದೇ ಪದ್ಧತಿ ಇತ್ತು. 1978 ಮತ್ತು 1981ರಲ್ಲಿ, ಎರಡು ಸಲವೂ, ಲೇಬರ್ ಪಕ್ಷಕ್ಕೆ ಜಾಸ್ತಿ ಮತ ಬಂದು ನ್ಯಾಷನಲ್ ಪಕ್ಷ ಸರ್ಕಾರ ಮಾಡಿತು. ಜನಕ್ಕೆ ಸಿಟ್ಟು ಬಂತು. 1986ರಲ್ಲಿ ಒಂದು ಆಯೋಗ ಹೊಸ ಪದ್ಧತಿ ಶಿಫಾರಸು ಮಾಡಿತು, 1993ರಲ್ಲಿ ಜನಮತಗಣನೆಯಲ್ಲಿ ಅದು ಪಾಸಾಯಿತು, 1996ರಿಂದ ಜಾರಿಯಲ್ಲಿದೆ. 2011ರಲ್ಲಿ ಮತ್ತೆ ಕೇಳಿದರು, ಇದೇ ಇರಲಿ ಅಂದರು ಜನ.

ಅಲ್ಲಿ ಪ್ರತಿಯೊಬ್ಬನಿಗೆ ಎರಡು ಮತ. ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಅದರಲ್ಲಿ ನಮ್ಮ ಹಾಗೆಯೇ ಜಾಸ್ತಿ ಮತ ಬಂದವನು ಗೆದ್ದ. ಇನ್ನೊಂದು ಪಕ್ಷಕ್ಕೆ. ಪಕ್ಷದ ಮತದಿಂದ ಒಟ್ಟು ಎಷ್ಟು ಸೀಟು ಸಲ್ಲಬೇಕು ಅಂತ ತೀರ್ಮಾನ. ಕ್ಷೇತ್ರದಲ್ಲಿ ಗೆದ್ದ ಸೀಟು ಅದಕ್ಕಿಂತ ಕಡಿಮೆಯಿದ್ದರೆ ಪಟ್ಟಿಯಿಂದ ತುಂಬುತ್ತಾರೆ. ಹಾಗಾಗಿ ನಿಮ್ಮ ಕಾರವಾರಕ್ಕೆ ಕಾರವಾರದ್ದೇ ಶಾಸಕರು ಇರುತ್ತಾರೆ, ಸೋಲಿಸುವ ಅಧಿಕಾರವೂ ಇರುತ್ತದೆ. ಜೊತೆಗೆ ಸೋತ ಪಕ್ಷಕ್ಕೂ ಅದರ ಪಾಲು.

ನಮ್ಮ ಕಾನೂನು ಆಯೋಗವೂ 1999ರ 170ನೇ ವರದಿಯಲ್ಲಿ ಇಂಥ ಮಿಶ್ರ ಪದ್ಧತಿಯ ಪರ ಮಾತಾಡಿತ್ತು, 2015ರ 255ನೇ ವರದಿಯಲ್ಲಿ ಮತ್ತೆ ಎತ್ತಿತು. ಅಲ್ಲಿಗೇ ನಿಂತಿತು. ಈಗಿನ ಪದ್ಧತಿಯಲ್ಲಿ ಗೆದ್ದು ಬಂದವರೇ ಅದನ್ನು ಬದಲಾಯಿಸಬೇಕು, ಇದೇ ದೊಡ್ಡ ತೊಡಕು.

ಜೋಯಿಡಾದಿಂದ ಭಟ್ಕಳದ ದೂರದ ಮಾತು ಹೇಳಿದಿರಿ. ಈಗ ನಮ್ಮ ಸಂಸದರ ಕ್ಷೇತ್ರ ಎಲ್ಲಿಂದ ಎಲ್ಲಿಗೆ? ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರಿನಿಂದ ಭಟ್ಕಳದವರೆಗೆ. ಅಷ್ಟಕ್ಕೂ ಒಬ್ಬರೇ.

ಬೇಡ್ತಿ ಕಣಿವೆ, ಯಲ್ಲಾಪುರ

ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಿನಲ್ಲಿ ಸಿದ್ದಿಗಳು ಹರಡಿಕೊಂಡಿದ್ದಾರೆ. ಯಾವ ಒಂದು ಕ್ಷೇತ್ರದಲ್ಲೂ ಅವರ ಮತದಿಂದ ಯಾರೂ ಗೆಲ್ಲುವುದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರಲ್ವಾ, ಆ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು ಅವರೇ. ಅದೂ ನಾಮಕರಣದಿಂದ, ಚುನಾವಣೆಯಿಂದಲ್ಲ. ಯಾರೋ ಕರೆದು ಕೂರಿಸಿದರೆ ಮಾತ್ರ ಒಳಗೆ ಹೋಗಬಹುದು ಅನ್ನುವ ಸ್ಥಿತಿ ನನಗೆ ಬಹಳ ನೋವು ಕೊಡುತ್ತದೆ.

ಮೀನುಗಾರರದ್ದೂ ಇದೇ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿ ಉದ್ದಕ್ಕೂ ಇದ್ದಾರೆ, ಆದರೆ ಕಾರವಾರ, ಕುಮಟಾ, ಭಟ್ಕಳ ಅಂತ ಮೂರು ಕ್ಷೇತ್ರಕ್ಕೆ ಹರಿದು ಹಂಚಿಹೋಗಿದ್ದಾರೆ. 2020ರಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆ ಬೇಡ ಅಂತ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಬೀದಿಗಿಳಿದರು. ಬೀದಿಯಲ್ಲಿ ಅಷ್ಟು ಜನ, ಸದನದಲ್ಲಿ ಎಷ್ಟು ಜನ? ಪ್ರಮಾಣದ ಪದ್ಧತಿಯಲ್ಲಿ ಮೂರು ಕಡೆಯ ಮತ ಒಂದು ಕಡೆ ಕೂಡುತ್ತದೆ. ಆಗ ಪಕ್ಷಗಳೇ ಹುಡುಕಿಕೊಂಡು ಬಂದು ಪಟ್ಟಿಯಲ್ಲಿ ಹೆಸರು ಹಾಕುತ್ತವೆ, ಯಾಕೆಂದರೆ ಅಲ್ಲಿ ಪ್ರತಿ ಮತವೂ ಲೆಕ್ಕಕ್ಕೆ ಬರುತ್ತದೆ.

ಹೆಂಗಸರ ವಿಷಯವೂ ಇದೆ. ನೇಪಾಳದಲ್ಲಿ 275 ಸೀಟಿನಲ್ಲಿ 165 ನೇರ ಚುನಾವಣೆ, 110 ಪ್ರಮಾಣದ್ದು. 2022ರಲ್ಲಿ ಆ 165ರಲ್ಲಿ ಗೆದ್ದ ಹೆಂಗಸರು ಹತ್ತಕ್ಕಿಂತ ಕಡಿಮೆ. ಮೂರನೇ ಒಂದು ಭಾಗ ಹೆಂಗಸರಿರಬೇಕು ಅಂತ ಸಂವಿಧಾನದಲ್ಲೇ ಬರೆದಿದ್ದರಿಂದ ಉಳಿದವರು ಪಟ್ಟಿಯಿಂದ ಬಂದರು. ಪಟ್ಟಿ ಇಲ್ಲದಿದ್ದರೆ ಅಷ್ಟು ಜನ ಎಲ್ಲಿಂದ ಬರುತ್ತಿದ್ದರು?

ಶರಾವತಿ ಸಂಗಮ, ಹೊನ್ನಾವರ

ನೇಪಾಳದ ಉದಾಹರಣೆ ಕೊಟ್ಟಿರಿ ಅಕ್ಕಾ, ಅಲ್ಲಿ ಸರ್ಕಾರ ನಿಂತ ದಿನ ಎಷ್ಟು? ಇಸ್ರೇಲ್‌ನಲ್ಲಿ 2019ರಿಂದ 2022ರೊಳಗೆ ಐದು ಚುನಾವಣೆ ಆಯಿತು. ಬೆಲ್ಜಿಯಂನಲ್ಲಿ 2010ರ ಚುನಾವಣೆ ಆದ ಮೇಲೆ 541 ದಿನ ಸರ್ಕಾರವೇ ರಚನೆ ಆಗಲಿಲ್ಲ. ಸಂವಿಧಾನ ಸಭೆಯಲ್ಲಿ ಈ ಪದ್ಧತಿಯ ಬೇಡಿಕೆ ಬಂದಾಗ ಅಂಬೇಡ್ಕರ್ ಅವರು ಬೇಡ ಅಂದಿದ್ದು ಇದಕ್ಕೇ: ಸರ್ಕಾರ ಗಟ್ಟಿಯಾಗಿ ನಿಲ್ಲುವುದಿಲ್ಲ, ಓದು ಬರಹ ಬಾರದ ಜನಕ್ಕೆ ಇದು ಕಷ್ಟ. ಅವರಿಗಿಂತ ಜಾಸ್ತಿ ತಿಳಿದವರಾ ನಾವು? ಜಾತಿಗೊಂದು ಪಕ್ಷ ಹುಟ್ಟಿಕೊಂಡರೆ ಏನು ಮಾಡುತ್ತೀರಿ?

ಬೇಡ್ತಿ ಕಣಿವೆ, ಯಲ್ಲಾಪುರ

ಸ್ಥಿರ ಸರ್ಕಾರ ಈಗಿನ ಪದ್ಧತಿಯಲ್ಲಿ ಸಿಕ್ಕಿದೆಯಾ ತಮ್ಮಾ? 2018ರ ಮೇ ತಿಂಗಳಿಂದ 2019ರ ಜುಲೈವರೆಗೆ ಮುಖ್ಯಮಂತ್ರಿ ಕುರ್ಚಿ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ ಅಂತ ಸುತ್ತಿತು. ಶಾಸಕರು ರಾಜೀನಾಮೆ ಕೊಟ್ಟರು, ನಮ್ಮ ಯಲ್ಲಾಪುರಕ್ಕೇ ಆ ಡಿಸೆಂಬರಿನಲ್ಲಿ ಉಪಚುನಾವಣೆ ಬಂತು. ಜಾತಿ ನೋಡಿ ಟಿಕೆಟ್ ಕೊಡುವುದು ಈಗಲೂ ನಡೆದೇ ಇದೆ, ಎಲ್ಲರಿಗೂ ಗೊತ್ತಿರುವ ಮಾತು.

ಅಂಬೇಡ್ಕರ್ ಅವರು ಆ ಮಾತು ಹೇಳಿದ ಕಾಲದ್ದು ನೋಡಿ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ 18ರಷ್ಟು. 2011ರಲ್ಲಿ ನಮ್ಮ ಜಿಲ್ಲೆಯದೇ ಶೇ 84. ಅವರ ಒಂದು ಕಾರಣ ಈಗ ಉಳಿದಿಲ್ಲ.

ಸೊಪ್ಪಿನ ಬೆಟ್ಟ, ಶಿರಸಿ

ಹೊನ್ನಾವರದವರ ಹೆದರಿಕೆಗೆ ಕನಿಷ್ಠ ಮಿತಿ ಅಂತ ಒಂದು ಉಪಾಯ ಇದೆ. ಜರ್ಮನಿ, ನ್ಯೂಜಿಲೆಂಡ್‌ನಲ್ಲಿ ಶೇ 5 ಮತ ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಪಟ್ಟಿಯ ಸೀಟು ಇಲ್ಲ. ಇಸ್ರೇಲ್‌ನಲ್ಲಿ ಮಿತಿ ಶೇ 3.25, ಚಿಕ್ಕ ಪಕ್ಷ ಜಾಸ್ತಿ. ಹಾಗಂತ ಮಿತಿ ವಿಪರೀತ ಏರಿಸಿದರೂ ಅನಾಹುತ. ಟರ್ಕಿಯಲ್ಲಿ ಶೇ 10 ಇಟ್ಟಿದ್ದರು. 2002ರಲ್ಲಿ ಶೇ 34 ಮತ ಪಡೆದ ಪಕ್ಷಕ್ಕೆ 550ರಲ್ಲಿ 363 ಸೀಟು ಹೋಯಿತು, ಹತ್ತಿರ ಹತ್ತಿರ ಅರ್ಧ ದೇಶದ ಮತ ಮಣ್ಣುಪಾಲಾಯಿತು. ಪದ್ಧತಿಯ ಹೆಸರು ನೋಡಿ ಒಪ್ಪಬಾರದು, ಅದರ ಅಂಕಿ ನೋಡಬೇಕು.

ನಮಗಿದು ಹೊಸದೂ ಅಲ್ಲ. ರಾಜ್ಯಸಭೆಗೆ ಶಾಸಕರು ಮತ ಹಾಕುವುದು ಪ್ರಮಾಣದ ಪದ್ಧತಿಯಲ್ಲೇ. ನಾಲ್ಕು ಸೀಟಿದ್ದರೆ 224 ಶಾಸಕರಲ್ಲಿ 45 ಮತ ಸಿಕ್ಕವರು ಗೆದ್ದ ಹಾಗೆ. 2022ರಲ್ಲಿ ಬಿಜೆಪಿಗೆ ಮೂರು, ಕಾಂಗ್ರೆಸ್‌ಗೆ ಒಂದು, 2024ರಲ್ಲಿ ತಿರುಗಾಮುರುಗಾ. ಸೋತ ಪಕ್ಷವೂ ಒಂದು ಸೀಟು ತಗೊಂಡಿತು. ತಮ್ಮ ತಮ್ಮೊಳಗೆ ನ್ಯಾಯವಾಗಿ ಹಂಚಿಕೊಳ್ಳುವ ಶಾಸಕರು ನಮಗೆ ಆ ನ್ಯಾಯ ಕೊಡದೇ ಇರುವುದು ಯಾಕೆ?

ದೇವಬಾಗ ಗಾಳಿ, ಕಾರವಾರ

ಊರಿನ ಶಾಸಕ ಉಳಿಯುವುದಾದರೆ ನನ್ನ ವಿರೋಧ ಅರ್ಧ ಹೋಯಿತು. ಪಟ್ಟಿಯ ಮೇಲೆ ಇನ್ನೂ ನಂಬಿಕೆ ಇಲ್ಲ. ಮತ್ತೆ ಲೋಕಸಭೆ, ವಿಧಾನಸಭೆಗೆ ಇದನ್ನು ತರಬೇಕಾದರೆ ಸಂವಿಧಾನ ತಿದ್ದಬೇಕು. ನಮ್ಮ ಕಾಲಕ್ಕೆ ಆಗುವ ಕೆಲಸವಾ?

ಸೊಪ್ಪಿನ ಬೆಟ್ಟ, ಶಿರಸಿ

ಹಾಗಿದ್ದರೆ ಗ್ರಾಮ ಪಂಚಾಯಿತಿಯಿಂದ ಶುರು ಮಾಡೋಣ. ಪಂಚಾಯಿತಿ ಚುನಾವಣೆಯ ಕಾನೂನು ರಾಜ್ಯದ್ದು. ಅಲ್ಲಿ ಪಕ್ಷದ ಪಟ್ಟಿಯೂ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಒಂದೇ ವಾರ್ಡಿಗೆ ಎರಡು ಮೂರು ಸದಸ್ಯರು ಇರುವುದು ಈಗಾಗಲೇ ಇದೆ. ತೊಂದರೆ ಏನೆಂದರೆ ಎಷ್ಟು ಸ್ಥಾನವೋ ಅಷ್ಟು ಮತ ಹಾಕುತ್ತೇವೆ. ಮೂರು ಸ್ಥಾನದ ವಾರ್ಡಿನಲ್ಲಿ 800 ಜನ ಮತ ಹಾಕಿದರು ಅನ್ನಿ, 450 ಜನರ ಒಂದು ಗುಂಪು ಒಟ್ಟಾಗಿ ಹಾಕಿದರೆ ಮೂರೂ ಅವರದ್ದೇ. 250 ಮತದಾರರ ಹಾಲಕ್ಕಿ ಸಮುದಾಯದ ಕೊಪ್ಪಕ್ಕೆ, ಅಂದರೆ ಅವರ ಕೇರಿಗೆ, ಏನೂ ಇಲ್ಲ.

ಅದರ ಬದಲು ಪ್ರತಿಯೊಬ್ಬರಿಗೂ ಒಂದೇ ಮತ, ಅದರಲ್ಲಿ 1, 2, 3 ಅಂತ ತಮಗೆ ಬೇಕಾದವರ ಕ್ರಮ ಬರೆಯಲಿ. ಗೆಲ್ಲಲು ಬೇಕಾದ್ದು 800ನ್ನು 4ರಿಂದ ಭಾಗಿಸಿ ಒಂದು ಕೂಡಿಸಿದಷ್ಟು, 201. ಗೆದ್ದವರ ಹೆಚ್ಚುವರಿ ಮತ, ಕೊನೆಯವರಾಗಿ ಹೊರಬಿದ್ದವರ ಮತ, ಎರಡೂ ಮುಂದಿನ ಆಯ್ಕೆಗೆ ವರ್ಗವಾಗುತ್ತದೆ. ಕೊಪ್ಪದವರು ಒಟ್ಟಾಗಿದ್ದರೆ ಅವರ ಒಬ್ಬರು ಗೆದ್ದೇ ಗೆಲ್ಲುತ್ತಾರೆ. ಅಭ್ಯರ್ಥಿಗಳ ಕ್ರಮ ಹಾಕುವುದು ಮತದಾರ, ನಾಯಕರಲ್ಲ. ಸ್ಕಾಟ್ಲೆಂಡಿನ ಸ್ಥಳೀಯ ಸಂಸ್ಥೆಗಳಲ್ಲಿ 2007ರಿಂದ ಮೂರು, ನಾಲ್ಕು ಸದಸ್ಯರ ವಾರ್ಡುಗಳಿಗೆ ಹೀಗೇ ನಡೆಯುತ್ತಿದೆ.

ನಮ್ಮಲ್ಲೂ ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ, ಶಿಕ್ಷಕರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಇದು ಗೊತ್ತಿದೆ. ಬೂತ್‌ನಲ್ಲಿ ನೇರಳೆ ಸ್ಕೆಚ್ ಪೆನ್ ಕೊಡುತ್ತಾರೆ, ಹೆಸರಿನ ಮುಂದೆ ಅಂಕಿ ಬರೆದು ಬರುತ್ತೇವೆ. ಅಲ್ಲಿ ಸೀಟು ಒಂದೇ ಆದ್ದರಿಂದ ಪ್ರಮಾಣದ ಪ್ರಶ್ನೆ ಬರುವುದಿಲ್ಲ, ಮತ ಹಾಕುವ ರೀತಿ ಮಾತ್ರ ಅದೇ. 2020ರ ಪಂಚಾಯಿತಿ ಚುನಾವಣೆ ಹೆಚ್ಚಿನ ಕಡೆ ಮತಪತ್ರದಲ್ಲೇ ನಡೆದಿತ್ತು, ಹಾಗಾಗಿ ಅಂಕಿ ಬರೆಯಲು ಯಂತ್ರದ ಅಡ್ಡಿಯೂ ಇಲ್ಲ.

ಶರಾವತಿ ಸಂಗಮ, ಹೊನ್ನಾವರ

ಪಂಚಾಯಿತಿಗೆ ಆದರೆ ನನಗೂ ಅಭ್ಯಂತರ ಇಲ್ಲ. ಆದರೆ ಮಹಿಳಾ ಮೀಸಲು, ಪರಿಶಿಷ್ಟರ ಮೀಸಲು ಇದರೊಳಗೆ ಹೇಗೆ ಕೂರುತ್ತದೆ?

ಸೊಪ್ಪಿನ ಬೆಟ್ಟ, ಶಿರಸಿ

ಅದು ನಿಜವಾಗಿ ಕಷ್ಟದ ಭಾಗ, ಹಗುರವಾಗಿ ಹೇಳುವುದಿಲ್ಲ. ನನಗೆ ಸರಿ ಕಾಣುವುದು ಹೀಗೆ: ಮೂರರಲ್ಲಿ ಒಂದು ಮಹಿಳೆಗೆ ಮೀಸಲಿದ್ದರೆ, ಎಣಿಕೆಯಲ್ಲಿ ಕೊನೆಯದಾಗಿ ಉಳಿದ ಮಹಿಳಾ ಅಭ್ಯರ್ಥಿಯನ್ನು ಹೊರಗೆ ಹಾಕುವ ಹಾಗಿಲ್ಲ ಅಂತ ನಿಯಮ ಮಾಡುವುದು. ಪರಿಶಿಷ್ಟರಿಗೂ ಅದೇ. ಎರಡು ಮೀಸಲು ಒಂದೇ ವಾರ್ಡಿನಲ್ಲಿ ಬಂದಾಗ ಯಾವುದನ್ನು ಮೊದಲು ನೋಡಬೇಕು ಅನ್ನುವುದನ್ನು ಮಾತ್ರ ಕೂತು ಬಿಡಿಸಬೇಕು. ನಿಮ್ಮ ಪಂಚಾಯಿತಿಯ ಒಂದು ವಾರ್ಡಿನ ಕಳೆದ ಸಲದ ಮತ, ಮೀಸಲಾತಿ ಪಟ್ಟಿ ಇಲ್ಲಿ ಹಾಕಿ, ಅದರ ಮೇಲೆಯೇ ಎಣಿಸಿ ನೋಡೋಣ.