ಆರ್‌ವಿಲಿ (ಮನೆ ಥರದ ಗಾಡೀಲಿ) ಊರೂರು ಸುತ್ತುತ್ತಾನೇ ದೊಡ್ಡ ಟ್ರಕ್ ಕಲಿಯೋದು ಆಗತ್ತಾ?

ಪ್ರಶ್ನೆ: ಅಮೆರಿಕದಲ್ಲಿ ಆರ್‌ವಿನೇ ಮನೆ ಮಾಡ್ಕೊಂಡು ನಾನು, ನನ್ನ ಹೆಂಡ್ತಿ ಓಡಾಡ್ತಾ ಇದೀವಿ, ಈಗ ಇಬ್ರೂ ಕ್ಲಾಸ್ ಎ ಸಿಡಿಎಲ್ (ದೊಡ್ಡ ಟ್ರಕ್ ಓಡ್ಸೋ ಲೈಸೆನ್ಸ್) ತಗೊಂಡು ಸೆಮಿ, ಅಂದ್ರೆ ಟ್ರೈಲರ್ ಎಳ್ಯೋ ದೊಡ್ಡ ಟ್ರಕ್, ಓಡ್ಸೋಣ ಅಂತ. ಲೈಸೆನ್ಸ್ ಸೌತ್ ಡಕೋಟಾದ್ದು, ಸದ್ಯ ಇರೋದು ಟೆಕ್ಸಾಸಲ್ಲಿ. ಇಲ್ಲೇ ಕಲಿಬೋದಾ?

ಉತ್ತರ 1: ಕಲಿಬೋದು, ಆದ್ರೆ ಲರ್ನರ್ ಪರ್ಮಿಟ್ ಸೌತ್ ಡಕೋಟಾದಿಂದ್ಲೇ ತರ್ಬೇಕು ಸರ್. ಆಮೇಲೆ ಟ್ರೈನಿಂಗ್ ಎಲ್ಲಾದ್ರೂ ಸರಿ, 2022ರ ಫೆಬ್ರವರಿಯಿಂದ ಫೆಡರಲ್ (ಕೇಂದ್ರ) ಸರ್ಕಾರದ ಪಟ್ಟೀಲಿರೋ ಸ್ಕೂಲೇ ಆಗಿರ್ಬೇಕು ಅಷ್ಟೆ. ಪರ್ಮಿಟ್ ಸಿಕ್ಕಿ 14 ದಿನ ಆಗೋವರ್ಗೂ ಡ್ರೈವಿಂಗ್ ಟೆಸ್ಟ್ ಕೊಡಂಗಿಲ್ಲ, ಹೊರ ರಾಜ್ಯದವ್ರಿಗೆ ಟೆಸ್ಟ್ ಮಾಡ್ತಾರಾ ಅಂತ ದುಡ್ಡು ಕಟ್ಟೋ ಮುಂಚೆನೇ ಕೇಳ್ಕೊಳಿ.

ಉತ್ತರ 2: ಆಟೋಮ್ಯಾಟಿಕ್ ಗಾಡೀಲಿ ಟೆಸ್ಟ್ ಕೊಟ್ರೆ ಮ್ಯಾನ್ಯುಯಲ್ ಟ್ರಕ್ ಓಡ್ಸಂಗಿಲ್ಲ ಅಂತ ಲೈಸೆನ್ಸ್ ಮೇಲೇ ಬರತ್ತೆ, ನೋಡ್ಕೊಳಿ. ನಿಮ್ದು ಎಳ್ಕೊಂಡು ಹೋಗೋ ಆರ್‌ವಿನಾ?

ಪ್ರಶ್ನೆ ಕೇಳಿದವರು: ಹೌದು, ಫಿಫ್ತ್ ವೀಲ್ (ಪಿಕಪ್ ಟ್ರಕ್ ಹಿಂದೆ ಸಿಗಿಸಿ ಎಳ್ಯೋ ಥರದ್ದು). ರಿವರ್ಸ್ ಒಂಚೂರು ರೂಢಿ ಇದೆ, ಏರ್ ಬ್ರೇಕ್ (ಗಾಳಿ ಒತ್ತಡದಲ್ಲಿ ಕೆಲಸ ಮಾಡೋ ಬ್ರೇಕ್) ಮಾತ್ರ ಏನೂ ಗೊತ್ತಿಲ್ಲ.

ಉತ್ತರ 2: ಅರ್ಧ ಗೆದ್ರಿ ಬಿಡಿ. ಸ್ಟೀರಿಂಗ್ ಕೆಳಗಡೆ ಹಿಡ್ಕೊಂಡ್ರೆ ಕೈ ಹೋದ ಕಡೆಗೇ ಟ್ರೈಲರ್ ಹಿಂಭಾಗ ಹೋಗತ್ತೆ, ಅದು ಇದ್ರಲ್ಲೂ ಅದೇ, ಆದ್ರೆ 53 ಅಡಿ ಟ್ರೈಲರ್ ನಿಧಾನಕ್ಕೆ ತಿರುಗತ್ತೆ, ಅವಸರಕ್ಕೆ ಜಾಸ್ತಿ ತಿರುಗಿಸ್ಬೇಡಿ, ಡೌಟ್ ಬಂದ್ರೆ ಇಳಿದು ನೋಡಿ. ಏರ್ ಬ್ರೇಕಲ್ಲಿ ಇಂಜಿನ್ ಆಫ್ ಮಾಡಿ ಪೆಡಲ್ ಒತ್ತಿ ಹಿಡಿದಾಗ ಗಾಳಿ ಒತ್ತಡ ಒಂದು ನಿಮಿಷಕ್ಕೆ 4 ಪಿಎಸ್‌ಐಗಿಂತ (ಒತ್ತಡದ ಅಳತೆ) ಜಾಸ್ತಿ ಇಳೀಬಾರ್ದು, ಈ ಚೆಕ್‌ನ ಬಾಯಲ್ಲಿ ಹೇಳ್ತಾ ಮಾಡೋದು ಪ್ರಾಕ್ಟೀಸ್ ಮಾಡಿ.